ಜಮಾದಾರನ ಕೆಮ್ಮು

ಹೋದ ತಿಂಗಳು ಇಂಡಿ ಊರಿನ ತವರುಮನೆಗೆ ಹೋಗಿದ್ದೆ. ಅಣ್ಣನ ಸೊಸೆ ಬಾಣಂತಿ. ಅತ್ತಿಗೆ ನಡುಮನೆಯಲ್ಲಿ ಕೂತು ಕುಸುಬಿ ಎಣ್ಣೆ ಕಾಸಿ, ಅದರಲ್ಲಿ ನಾಲ್ಕು ಕಾಳು ಅಜವಾನ ಸಿಡಿಸಿ, ನೆಗಡಿಯಾದ ಕೂಸಿನ ಎದೆಗೆ ಹಚ್ಚಿ ತಿಕ್ಕುತ್ತಿದ್ದರು. ನಮ್ಮ ಕಡೆ ನೆಗಡಿ ಕೆಮ್ಮಿಗೆ ಮನೆಯಲ್ಲಿ ಮೊದಲು ಮಾಡುವ ಔಷಧ ಇದೇ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ "ಸ್ವಲ್ಪ ಹಚ್ಚರಿ ವೈನಿ, ಗರಿ ಅಂಟ್ಕೊತಾವು" ಅಂತ ಬಂದುಬಿಟ್ಟಿತು. ಅತ್ತಿಗೆ ಒಮ್ಮೆ ಕೂಸನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ದನದ ಡಾಕ್ಟರಾಗಿರುವ ನಾದಿನಿ ಏನು ಮಾತಾಡಿದರೂ ಆ ಮನೆಯಲ್ಲಿ ನಡೆಯುತ್ತದೆ. ಯಾರೂ ಹೆಚ್ಚು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನಗೆ ನೆನಪಾದದ್ದು ಎಣ್ಣೆಯಲ್ಲಿ ತೊಯ್ದ ಒಂದು ಗಿಣಿ, ಮತ್ತು ಅದು ನನ್ನ ಕೈಗೆ ಬಂದ ತಾಳಿಕೋಟೆಯ ಚಳಿಗಾಲ.

ಅಲ್ಲಿಯ ದನದ ದವಾಖಾನೆಯಲ್ಲಿ ಅದು ನನ್ನ ಎರಡನೆಯ ವರ್ಷ. ಕರೋನಾ ಬಂದು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಅಕ್ಕಪಕ್ಕದವರು ಇನ್ನೂ ಸರಿದು ಕೂಡುತ್ತಿದ್ದರು. ಆ ವರ್ಷ ಚಳಿ ಜೋರು. ಡೋಣಿ ಹೊಳೆಯ ದಂಡೆಯ ಕಪ್ಪು ಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಬೆಳಗಾದರೆ ಗಿಣಿಗಳ ಹಿಂಡು ತೆನೆಗೆ ಬೀಳುತ್ತಿತ್ತು, ಅಟ್ಟಣೆಯ ಮೇಲೆ ನಿಂತ ಹೆಂಗಸರು ಕವಣೆ ಬೀಸುತ್ತಿದ್ದರು. ಹೊಲದಲ್ಲಿ ಕಲ್ಲೇಟು ತಿನ್ನುವ ಆ ಗಿಣಿಗೇ ಊರೊಳಗೆ ಪೇರಲ ಹಣ್ಣು, ಹಸಿಮೆಣಸಿನಕಾಯಿ, ಮುದ್ದಿನ ಹೆಸರು. ನಮ್ಮ ಜನರ ಈ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ.

ಆ ಚಳಿಗಾಲದ ನನ್ನ ಕೆಲಸವೆಂದರೆ ಕಾಲುಬಾಯಿ ಬೇನೆಯ ಲಸಿಕೆ. ಬೆಳಿಗ್ಗೆ ಹಳ್ಳಿಗೆ ಹೋಗಿ ದನಗಳಿಗೆ ಸೂಜಿ ಚುಚ್ಚುವುದು, ಮಧ್ಯಾಹ್ನ ದವಾಖಾನೆಗೆ ಬಂದು ಸಾಲಿನಲ್ಲಿ ನಿಂತವರನ್ನು ನೋಡುವುದು. ಹಾಗೆ ಒಂದು ಮಧ್ಯಾಹ್ನ, ನನ್ನ ತಾಳ್ಮೆಯೆಲ್ಲ ಮುಗಿದ ಹೊತ್ತಿಗೆ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಳು. ಹೆಸರು ಮಾಬೂಬಿ. ಹಳೆ ಸೀರೆಯ ಕೌದಿ ಹೊಲಿದು ಹೊಲಿದು ಬೆರಳ ತುದಿಗಳು ಬಿರುಸಾಗಿದ್ದವು. ಗಂಡ ಹುಸೇನಸಾಬರು ಗಾದಿ ಮಾಡುವ ಪಿಂಜಾರರು. ಪೇಟೆಯ ಹಿಂದಿನ ಓಣಿಯಲ್ಲಿ ಮನೆ, ಮನೆಯ ಮುಂಭಾಗದಲ್ಲೇ ಹತ್ತಿ ಪಿಂಜುವ ಯಂತ್ರದ ಅಂಗಡಿ. ತನ್ನ ಆಡಿಗೆ ಕೆಮ್ಮು ಬಂದಿದೆ, ಗುಳಿಗೆ ಬೇಕು ಎಂದಳು.

ಎಷ್ಟು ದಿನದಿಂದ ಎಂದು ಕೇಳಿದೆ, ಒಂದು ತಿಂಗಳು ಎಂದಳು. ಮೇವು ತಿನ್ನುತ್ತದೆಯೇ ಎಂದೆ. ತಿನ್ನುತ್ತದೆ, ಚಹಾದಲ್ಲಿ ಅದ್ದಿದ ರೊಟ್ಟಿಯನ್ನೂ ಬಿಡುವುದಿಲ್ಲ ಎಂದಳು. ಚಹಾ ಕುಡಿಯುವ ಆಡನ್ನು ಒಮ್ಮೆ ನೋಡಬೇಕೆಂದು ಯಾವ ಡಾಕ್ಟರಿಗಾದರೂ ಅನ್ನಿಸಬೇಕಿತ್ತು. ನನಗೆ ಅನ್ನಿಸಲಿಲ್ಲ. ಹಿಂದೆ ಒಂದು ಎಮ್ಮೆ ಒದೆಯುತ್ತಿತ್ತು, ಅದರ ಮಾಲೀಕ ಅವಸರ ಮಾಡುತ್ತಿದ್ದ. ಆಡಿಗೆ ಕೊಡುವ ಗುಳಿಗೆ ಬರೆದು, ದಿನಕ್ಕೆ ಒಂದರಂತೆ ಐದು ದಿನ ಎಂದು ಹೇಳಿ ಕಳಿಸಿದೆ. ಆಡನ್ನು ಕರೆತನ್ನಿ ಎನ್ನದೆ ಔಷಧ ಕೊಟ್ಟದ್ದು ನನ್ನ ತಪ್ಪು. ಅದಕ್ಕೆ ನಾನು ಯಾವ ಎಮ್ಮೆಯ ಹೆಸರನ್ನೂ ಹೇಳಲಾರೆ.

ಮೂರನೆಯ ದಿನ ಆಕೆ ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಗುಳಿಗೆ ಹಾಕಿದ ಮೇಲೆ ಆಡು ಏನೂ ತಿನ್ನುತ್ತಿಲ್ಲ, ಕಣ್ಣು ಮುಚ್ಚಿ ಕೂತಿದೆ, ಹಸಿರು ನೀರಿನ ಹಾಗೆ ಹೇಲುತ್ತಿದೆ ಎಂದಳು. ಹಾಗಾದರೆ ಹೊತ್ತುಕೊಂಡು ಬನ್ನಿ ಎಂದೆ. ಆಕೆ ಸೆರಗು ತಿರುವುತ್ತ ನಿಂತಳು. ನಮ್ಮ ದವಾಖಾನೆಯ ಸಂಗಪ್ಪ ಇದನ್ನೆಲ್ಲ ಕೇಳುತ್ತಿದ್ದ. ನಿವೃತ್ತಿಗೆ ಒಂದು ವರ್ಷ ಉಳಿದ ಆಸಾಮಿ, ಊರಿನ ಪ್ರತಿ ಮನೆಯ ದನಕರು ಬಲ್ಲವ. ಅವನು ನನ್ನ ಕಿವಿಯ ಹತ್ತಿರ ಬಂದು, "ಆ ಮನ್ಯಾಗ ಆಡ ಎಲ್ಲಿಂದ ಬರಬೇಕ್ರಿ ಬಾಯಾರ? ಒಂದ ಕೋಳಿ ಸೈತ ಇಲ್ಲ. ಇರೂದೊಂದು ಗಿಣಿ" ಎಂದ. ನಮ್ಮ ಕಡೆ ಓದಿದ ಹೆಣ್ಣುಮಕ್ಕಳನ್ನು ಬಾಯಾರ ಎಂದೇ ಕರೆಯುವುದು.

ನಾನು ಎದ್ದು ಆಕೆಯ ಹತ್ತಿರ ಹೋಗಿ ಕೇಳಿದೆ. ಆಕೆ ಎಲ್ಲ ಹೇಳಿದಳು. ನಮ್ಮ ನಾಡಿನ ಗಿಣಿಯನ್ನು ಪಂಜರದಲ್ಲಿ ಇಡುವುದು ಕಾನೂನಿನ ಪ್ರಕಾರ ತಪ್ಪು ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಸರ್ಕಾರಿ ಡಾಕ್ಟರ ಹತ್ತಿರ ಗಿಣಿ ಒಯ್ದರೆ ಗಿಣಿಯನ್ನೂ ಕಸಿದುಕೊಳ್ಳುತ್ತಾರೆ, ಗಂಡನನ್ನೂ ಸ್ಟೇಷನ್ನಿಗೆ ಕರೆಯುತ್ತಾರೆ ಎಂದು ಹೆದರಿ ಗಿಣಿಯ ಕೆಮ್ಮನ್ನು ಆಡಿನ ಕೆಮ್ಮು ಎಂದು ಹೇಳಿದ್ದಳು. ಗುಳಿಗೆ ಎಷ್ಟು ಹಾಕಿದಿರಿ ಎಂದು ಕೇಳಿದೆ.

"ಗಿಣಿ ಸಣ್ಣದಲ್ರಿ," ಎಂದಳು ಮಾಬೂಬಿ. "ಅದಕ ಅರ್ಧಾ ಮಾಡಿ ಹಾಕೇನಿ."

ಇಪ್ಪತ್ತು ಕಿಲೋದ ಆಡಿಗೆ ಒಂದು ಗುಳಿಗೆ. ಗಿಣಿಯ ತೂಕ ನೂರು ಗ್ರಾಂ ಆಜುಬಾಜು. ಆಕೆ ಅರ್ಧ ಮಾಡಿದ್ದಳು, ಮಾಡಬೇಕಾದದ್ದು ಇನ್ನೂರರಲ್ಲಿ ಒಂದು ಪಾಲು. ನಾನು ಬೈಯಲು ಬಾಯಿ ತೆರೆದೆ. ಬೈಯಬೇಕಾದವರಲ್ಲಿ ಮೊದಲನೆಯವಳು ನಾನೇ ಎಂದು ಹೊಳೆದು ಬಾಯಿ ಮುಚ್ಚಿದೆ. ಸ್ಕೂಟರಿನ ಹಿಂದೆ ಆಕೆಯನ್ನು ಕೂರಿಸಿಕೊಂಡು ಅವರ ಓಣಿಗೆ ಹೋದೆ.

ಗಿಣಿಯ ಹೆಸರು ಜಮಾದಾರ. ಅಂಗಡಿಗೆ ಬಂದವರಿಗೆಲ್ಲ "ಕೂಡ್ರಿ, ಏಳ್ರಿ" ಎಂದು ಹುಕುಂ ಮಾಡುತ್ತದೆಂದು ಇಟ್ಟ ಹೆಸರು. ಐದು ವರ್ಷದ ಹಿಂದೆ ದೇವಣಗಾಂವದ ಕಡೆ ಗಾದಿ ಮಾಡಲು ಹೋದಾಗ ಜೋಳದ ಹೊಲದ ಬದುವಿನಲ್ಲಿ ಕವಣೆ ಕಲ್ಲು ತಿಂದು ಬಿದ್ದದ್ದನ್ನು ಹುಸೇನಸಾಬರು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಬಲ ರೆಕ್ಕೆ ಸೊಟ್ಟಗೆ ಕೂಡಿಕೊಂಡು ಹಾರಾಟ ನಿಂತೇ ಹೋಗಿತ್ತು. ಹುಕುಂ ಮಾಡುವ ಆ ಜಮಾದಾರ ಈಗ ಪಂಜರದ ತಳದಲ್ಲಿ ಕೂತಿತ್ತು. ಗಿಣಿ ಕೋಲು ಬಿಟ್ಟು ತಳಕ್ಕೆ ಇಳಿಯಿತೆಂದರೆ ಅದರ ಶಕ್ತಿ ಮುಗಿಯುತ್ತ ಬಂತೆಂದೇ ಅರ್ಥ. ಉಸಿರಿಗೊಮ್ಮೆ ಬಾಲ ಏಳುತ್ತಿತ್ತು. ಸಾಲದ್ದಕ್ಕೆ ಎದೆ, ಕತ್ತು, ಹೊಟ್ಟೆಯ ಗರಿಯೆಲ್ಲ ಅಂಟಿಕೊಂಡು ಒಳಗಿನ ಕೆಂಪು ಚರ್ಮ ಕಾಣುತ್ತಿತ್ತು. ಕೆಮ್ಮು ಹೋಗಲಿ ಎಂದು ಮಾಬೂಬಿ ಮಕ್ಕಳಿಗೆ ಹಚ್ಚುವ ಹಾಗೆ ಕುಸುಬಿ ಎಣ್ಣೆ ಕಾಸಿ ಹಚ್ಚಿ ತಿಕ್ಕಿದ್ದಳು. ಹಕ್ಕಿಗೆ ಗರಿಯೇ ಕಂಬಳಿ. ಎಣ್ಣೆ ಹತ್ತಿದರೆ ಕಂಬಳಿ ತೊಯ್ದ ಹಾಗೆ, ಬೆಚ್ಚಗಿಡುವುದಿಲ್ಲ. ಆ ಚಳಿಯಲ್ಲಿ ಆಕೆ ಅಕ್ಕರೆಯಿಂದಲೇ ಅದರ ಕಂಬಳಿ ಕಿತ್ತಿದ್ದಳು.

ಹುಸೇನಸಾಬರು ಮೂಲೆಯಲ್ಲಿ ಹತ್ತಿಯ ಗುಡ್ಡೆಗೆ ಒರಗಿ ನಿಂತಿದ್ದರು. ತೆಳ್ಳನೆಯ ಎತ್ತರದ ಮನುಷ್ಯ, ಹುಬ್ಬಿನ ಮೇಲೆ, ಗಡ್ಡದ ಮೇಲೆ ಹತ್ತಿಯ ಎಳೆ. ನಾನು ಕೇಳಿದ ಯಾವ ಪ್ರಶ್ನೆಗೂ ಅವರು ಉತ್ತರ ಕೊಡಲಿಲ್ಲ. ಎಲ್ಲವನ್ನೂ ಹೆಂಡತಿಯೇ ಹೇಳಿದಳು. ಅವರ ಕಣ್ಣು ಮಾತ್ರ ಪಂಜರ ಬಿಟ್ಟು ಕದಲಲಿಲ್ಲ. ಗಂಡಸು ಒಂದು ಹಕ್ಕಿಗೆ ಇಷ್ಟು ಮರುಗುವುದನ್ನು ನಾನು ಹೆಚ್ಚು ಕಂಡಿರಲಿಲ್ಲ, ನನಗೆ ಅವರು ಬಹಳ ಹಿಡಿಸಿದರು.

ಈಗ ನಿಜ ಹೇಳಬೇಕು. ನನಗೆ ಗಿಣಿಯ ವೈದ್ಯ ಗೊತ್ತಿರಲಿಲ್ಲ. ಕಾಲೇಜಿನ ಐದು ವರ್ಷದಲ್ಲಿ ಕೋಳಿಯ ಬಗ್ಗೆ ಓದಿದ್ದೇ ಓದಿದ್ದು, ಗಿಣಿಯ ಬಗ್ಗೆ ಎರಡೋ ಮೂರೋ ಪಾಠ. ಹುಬ್ಬಳ್ಳಿಯಲ್ಲಿ ಹಕ್ಕಿಗಳನ್ನು ನೋಡುವ ನನ್ನ ಗೆಳತಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವಳು ಮೊದಲು ನನ್ನನ್ನು ಸರಿಯಾಗಿ ಬೈದಳು. ಆಮೇಲೆ ಹೇಳಿದಳು: ಮೊದಲು ಬೆಚ್ಚಗಿಡು, ಆಮೇಲೆ ನೀರು, ಆಮೇಲೆ ಅನ್ನ, ಎಲ್ಲಕ್ಕಿಂತ ಕೊನೆಗೆ ಔಷಧ. ದನದ ಡಾಕ್ಟರಿಗೆ ಇದು ಪೂರ್ತಿ ಉಲ್ಟಾ ಪಾಠ. ನಾವು ಬಂದವರ ಎದುರಿಗೆ ಮೊದಲು ಸೂಜಿ ಎತ್ತಿದರೇನೇ ನಮಗೆ ಮರ್ಯಾದೆ.

ಜಮಾದಾರನನ್ನು ನನ್ನ ಕ್ವಾರ್ಟರ್ಸಿಗೆ ಒಯ್ದೆ. ಪಂಜರದ ಮೂರು ಬದಿಗೆ ಮಾಬೂಬಿಯ ಕೌದಿ ಹೊದಿಸಿ, ಒಂದು ಬದಿಯಲ್ಲಿ ಹಳೆಯ ಅರವತ್ತು ವ್ಯಾಟಿನ ಬಲ್ಬು ಹಚ್ಚಿ, ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟೆ. ಸಕ್ಕರೆ ಉಪ್ಪು ಕಲಸಿದ ಉಗುರುಬೆಚ್ಚಗಿನ ನೀರನ್ನು ಕೊಕ್ಕಿನ ಬದಿಯಿಂದ ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಎಮ್ಮೆಯ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಸುರಿದು ರೂಢಿಯಾದ ಕೈ ಇದು. ಎರಡನೆಯ ದಿನ ಗಿಣಿ ಕಣ್ಣು ತೆರೆಯಿತು. ಮೂರನೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಬೆಚ್ಚಗಿನ ನೀರಿನಲ್ಲಿ ಅದರ ಎಣ್ಣೆ ತೊಳೆದೆ. ಮಾಬೂಬಿ ಟವೆಲಿನಲ್ಲಿ ಅದನ್ನು ಹಿಡಿದಿದ್ದಳು, ಅದು ಆಕೆಯ ಹೆಬ್ಬೆರಳು ಕಚ್ಚಿ ರಕ್ತ ತೆಗೆಯಿತು. ಕಚ್ಚುವಷ್ಟು ಶಕ್ತಿ ಬಂತಲ್ಲ ಎಂದು ಇಬ್ಬರೂ ನಕ್ಕೆವು.

ತೂಕ ನೋಡಲು ನನ್ನ ಹತ್ತಿರ ಗ್ರಾಂ ಲೆಕ್ಕದ ತಕ್ಕಡಿ ಇರಲಿಲ್ಲ. ಬೆಳಿಗ್ಗೆ ಹಳ್ಳಿಗೆ ಹೊರಡುವ ಮೊದಲು ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಪತ್ತಾರರ ಅಂಗಡಿಗೆ ಒಯ್ಯುತ್ತಿದ್ದೆ. ಅವರು ಬಂಗಾರ ತೂಗುವ ತಕ್ಕಡಿಯನ್ನು ಒರೆಸಿ, ಭಕ್ತಿಯಿಂದ ಗಿಣಿಯನ್ನು ತೂಗಿ, ಗ್ರಾಂ ಹೇಳುತ್ತಿದ್ದರು. ಮೊದಲ ದಿನ ಎಂಬತ್ತೊಂಬತ್ತು. ವಾರಕ್ಕೆ ತೊಂಬತ್ತೇಳು. ಬಂಗಾರ ಆಗಿದ್ರ ಛಲೋ ಇತ್ತಲ್ರಿ ಎಂದು ಪ್ರತಿದಿನ ಅದೇ ಚೇಷ್ಟೆ ಮಾಡುತ್ತಿದ್ದರು, ನಾನೂ ಪ್ರತಿದಿನ ನಗುತ್ತಿದ್ದೆ. ಕುಸುಬಿ ಕಾಳು, ಮೆಣಸಿನಕಾಯಿ, ಚಹಾ ರೊಟ್ಟಿ ಬಿಡಿಸಿ ಗಜ್ಜರಿ, ಅಂದರೆ ಕ್ಯಾರೆಟ್, ಮೆಂತ್ಯಪಲ್ಲೆ, ನುಗ್ಗಿ ಸೊಪ್ಪು, ಬೇಯಿಸಿದ ಹೆಸರುಕಾಳು ರೂಢಿ ಮಾಡಿಸಿದೆವು. ಜಮಾದಾರ ಮೊದಲು ಗಜ್ಜರಿಯನ್ನು ಎತ್ತಿ ಎತ್ತಿ ಹೊರಗೆ ಒಗೆಯಿತು. ಮಾಬೂಬಿ ಅದರ ಎದುರಿಗೆ ಕೂತು ತಾನೇ ಕರಂ ಕರಂ ಎಂದು ತಿಂದು ತೋರಿಸಿದ ಮೇಲೆ ತಿಂದಿತು.

ಕಾನೂನಿನ ಮಾತನ್ನೂ ನಾನು ಮುಚ್ಚಿಡಲಿಲ್ಲ. ಹಾರಲಾಗದ ಹಕ್ಕಿ, ಚಿಕಿತ್ಸೆಯಲ್ಲಿದೆ ಎಂದು ಅರಣ್ಯ ಇಲಾಖೆಗೆ ನಾನೇ ಬರೆದೆ. ಒಬ್ಬರು ಬಂದು ರೆಕ್ಕೆ ನೋಡಿ, ಬಿಟ್ಟರೆ ಒಂದು ದಿನವೂ ಬದುಕದು, ಮುಂದೆ ತಿಳಿಸುವವರೆಗೆ ನಿಮ್ಮ ನಿಗಾದಲ್ಲೇ ಇರಲಿ, ಇನ್ನೊಂದು ಗಿಣಿ ಮಾತ್ರ ತರಬೇಡಿರಿ ಎಂದು ಹೇಳಿ ಹೋದರು. ಮಾಬೂಬಿ ಅಂದು ನಿರಾಳವಾಗಿ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದಳು.

ಹುಸೇನಸಾಬರು ದಿನಾಲೂ ಬೆಳಿಗ್ಗೆ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಅಡಿಗೆಮನೆಯ ಕಿಟಕಿಯ ಹೊರಗೆ ನಿಂತು, ಹೆಗಲ ಟವೆಲನ್ನು ಬಾಯಿಗೆ ಹಿಡಿದು, ಪಂಜರ ನೋಡಿ, ಹೇಗಿದೆ ಎಂದು ಕೇಳಿ ಹೋಗುತ್ತಿದ್ದರು. ಗಿಣಿ ತೊಂಬತ್ತೇಳಾಯಿತು ಎಂದು ಹೇಳಿದ ದಿನ ಅವರು ಕಿಟಕಿಯ ಸರಳು ಹಿಡಿದು ಅತ್ತರು. ಗುಣವಾಗುತ್ತಿರುವ ಹಕ್ಕಿಗೆ ಇಷ್ಟೇಕೆ ಅಳು ಎಂದು ನನಗೆ ಅರ್ಥವಾಗಲಿಲ್ಲ, ಪ್ರೀತಿ ಇರಬೇಕು ಎಂದುಕೊಂಡೆ.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತಿತ್ತು. ಗಿಣಿ ನನ್ನ ಮನೆಯಲ್ಲಿ ಇದ್ದ ಮೊದಲ ಹತ್ತು ದಿನ ಒಮ್ಮೆಯೂ ಕೆಮ್ಮಲಿಲ್ಲ. ಮೂಗು ಸ್ವಚ್ಛ, ಬಾಯಿ ಸ್ವಚ್ಛ, ಉಸಿರಿನಲ್ಲಿ ಸದ್ದಿಲ್ಲ. ಅಂಗಡಿಯ ಹತ್ತಿಯ ಧೂಳಿಗೆ ಕೆಮ್ಮುತ್ತಿತ್ತು, ಇಲ್ಲಿ ಧೂಳಿಲ್ಲ, ಅದಕ್ಕೆ ನಿಂತಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಂದು ರವಿವಾರ ಬೆಳಿಗ್ಗೆ ಶೇಂಗಾ ಚಟ್ನಿ ಮಾಡೋಣವೆಂದು ಮಿಕ್ಸರ್ ಹಚ್ಚಿದೆ. ಕಿಟಕಿಯ ಹತ್ತಿರದ ಪಂಜರದಲ್ಲಿ ಜಮಾದಾರ ಗಜ್ಜರಿ ಬಿಟ್ಟು ಕತ್ತು ಎತ್ತಿತು. ಆಮೇಲೆ ಕೆಮ್ಮಿತು. ಎರಡು ಸಣ್ಣ ಕೆಮ್ಮು, ಒಂದು ಎದೆಯ ಆಳದಿಂದ ಬರುವ ಉದ್ದನೆಯ ಕೆಮ್ಮು. ನಾನು ಮಿಕ್ಸರ್ ನಿಲ್ಲಿಸಿದೆ, ಅದೂ ನಿಲ್ಲಿಸಿತು. ಮತ್ತೆ ಹಚ್ಚಿದೆ. ಮತ್ತೆ ಎರಡು ಸಣ್ಣದು, ಒಂದು ಉದ್ದನೆಯದು. ಈ ಸಲ ಅದು ಗಂಟಲು ಕೆರೆದು, ಥೂ ಎಂದು ಉಗುಳುವ ಸದ್ದು ಮಾಡಿ, ಬಹಳ ಮೆಲ್ಲಗೆ, ದಣಿದ ಗಂಡಸಿನ ದನಿಯಲ್ಲಿ "ಯಾ ಅಲ್ಲಾ" ಎಂದಿತು.

ನಾನು ಐದಾರು ಸಲ ಮಿಕ್ಸರ್ ಹಚ್ಚಿ ಆರಿಸಿ ನೋಡಿದೆ. ಚಟ್ನಿ ಎಣ್ಣೆ ಬಿಟ್ಟು ಅಂಟು ಅಂಟಾಯಿತು. ಹಕ್ಕಿಗೆ ನಮ್ಮ ಹಾಗೆ ಎದೆ ಹೊಟ್ಟೆಯ ನಡುವೆ ಪಡದೆ ಇಲ್ಲ, ನಮ್ಮ ಹಾಗೆ ಕೆಮ್ಮಿ ಕಫ ಉಗುಳಲು ಅದಕ್ಕೆ ಬರುವುದೇ ಇಲ್ಲ. ಇದನ್ನು ನಾನು ಮೊದಲ ವರ್ಷದಲ್ಲೇ ಓದಿ ಪಾಸಾಗಿದ್ದೆ. ಓದಿದ್ದು ತಲೆಗೆ ಬರಲು ಒಂದು ಮಿಕ್ಸರ್ ಬೇಕಾಯಿತು. ಜಮಾದಾರನಿಗೆ ಯಾವ ರೋಗವೂ ಬಂದಿರಲಿಲ್ಲ. ಅದು ದಿನವಿಡೀ ಕೇಳಿದ್ದನ್ನು ಕಲಿತು ಒಪ್ಪಿಸುತ್ತಿತ್ತು. ಯಂತ್ರ ಗರ್ ಎನ್ನುವಾಗ ಪಕ್ಕದಲ್ಲಿ ಯಾರೋ ಕೆಮ್ಮುತ್ತಿದ್ದರು.

ಹುಸೇನಸಾಬರು ಎಂದಿನ ಹೊತ್ತಿಗೆ ಬಂದು ಕಿಟಕಿಯ ಹೊರಗೆ ನಿಂತರು. ನನಗೆ ಮಾತು ಹೇಗೆ ಶುರುಮಾಡಬೇಕೆಂದು ತಿಳಿಯದೆ ಮಿಕ್ಸರ್ ಹಚ್ಚಿದೆ. ಗಿಣಿ ಕೆಮ್ಮಿತು, ಉಗುಳಿತು, ಯಾ ಅಲ್ಲಾ ಎಂದಿತು. ಅವರು ಬಾಯಿಯ ಟವೆಲನ್ನು ಇನ್ನೂ ಬಿಗಿ ಹಿಡಿದು ಕೇಳಿದರು. ನಾನು ಮಿಕ್ಸರ್ ಆರಿಸಿದೆ.

"ಅದಕ್ಕ ಏನೂ ಆಗಿದ್ದಿಲ್ರಿ ಬಾಯಾರ," ಎಂದರು. "ಆಗಿದ್ದು ನನಗ."

ಆಮೇಲೆ ಎಲ್ಲವೂ ಬಂತು. ಮಳೆಗಾಲದಿಂದಲೂ ಅವರಿಗೆ ಕೆಮ್ಮು ಇತ್ತು. ಸಂಜೆಯಾದರೆ ಮೈ ಬಿಸಿ, ಎರಡು ಸಲ ಕಫದಲ್ಲಿ ರಕ್ತ. ದವಾಖಾನೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಮುಂದೆ ಬರುವುದು ಮದುವೆಯ ಕಾಲ, ತಾಳಿಕೋಟೆಯ ಸುತ್ತಿನಲ್ಲಿ ಮದುಮಗಳ ಜೊತೆ ಕಳಿಸುವ ಗಾದಿಯನ್ನು ಮೂರು ತಲೆಮಾರಿನಿಂದ ಅವರ ಮನೆಯವರೇ ಮಾಡಿದ್ದು. ಕೆಮ್ಮುವ ಪಿಂಜಾರ ಮಾಡಿದ ಗಾದಿಯ ಮೇಲೆ ಹೊಸ ಗಂಡಹೆಂಡಿರನ್ನು ಯಾರು ಮಲಗಿಸುತ್ತಾರೆ ಎಂದು ಅವರು ನನ್ನನ್ನೇ ಕೇಳಿದರು. ಅದಕ್ಕೆ ರಾತ್ರಿ ಕೆಲಸದ ನೆಪ ಹೇಳಿ ಅಂಗಡಿಯಲ್ಲೇ ಮಲಗುತ್ತಿದ್ದರು, ಕೆಮ್ಮು ಬಂದಾಗಲೆಲ್ಲ ಯಂತ್ರ ಹಚ್ಚುತ್ತಿದ್ದರು. ಆ ಗದ್ದಲದಲ್ಲಿ ಗಿಣಿ ಬಿಟ್ಟು ಯಾರಿಗೂ ಕೇಳುತ್ತಿರಲಿಲ್ಲ. ಒಂದು ದಿನ ಮಾಬೂಬಿ ಒಳಗಿನಿಂದ ಬಂದು ಯಾರು ಕೆಮ್ಮಿದ್ದು ಎಂದು ಕೇಳಿದಳು. ಅವರು ಗಿಣಿ ಎಂದರು. ಅಷ್ಟರಲ್ಲಿ ಗಿಣಿಯೂ ಕಲಿತಿತ್ತು, ಆಕೆಯ ಎದುರಿಗೇ ಒಮ್ಮೆ ಕೆಮ್ಮಿ ತೋರಿಸಿತು. ಆಕೆ ನಂಬಿದಳು.

"ಆಕಿ ಅದರ ಬಾಯಾಗ ಗುಳಿಗಿ ಹಾಕೂಮುಂದ ನಾ ಬಾಜೂಕ ನಿಂತಿದ್ನಿರಿ," ಎಂದರು. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಸಾಯಾಕ ಬಿಟ್ಟಿದ್ನಿ ಅದನ್ನ."

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಕ್ಕಿಗಾಗಿಯೋ ಅವರಿಗಾಗಿಯೋ ನನಗೆ ತಿಳಿಯದು. ಇವತ್ತೇ ಮನೆಯಲ್ಲಿ ಹೇಳಬೇಕು, ನೀವು ಹೇಳದಿದ್ದರೆ ನಾನು ಬಂದು ಹೇಳುತ್ತೇನೆ, ನಾಳೆ ಬೆಳಿಗ್ಗೆ ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿ ಹೋದರು.

ಮಧ್ಯಾಹ್ನ ಮಾಬೂಬಿ ಬಂದಳು. ಪಂಜರದ ಎದುರಿಗೆ ಕೂತು ಗಜ್ಜರಿ ಹೆಚ್ಚತೊಡಗಿದಳು. ಒಂದು ಗಿಣಿಗೆ ಅಷ್ಟು ಗಜ್ಜರಿ ಬೇಕಿರಲಿಲ್ಲ. ಬುಟ್ಟಿಯಲ್ಲಿದ್ದುದನ್ನೆಲ್ಲ ಹೆಚ್ಚಿದಳು. ನಾನು, ಸಿಟ್ಟಾಗಬೇಡಿರಿ, ಹೆದರಿ ಮುಚ್ಚಿಟ್ಟರು, ಈ ರೋಗಕ್ಕೆ ಈಗ ಒಳ್ಳೆಯ ಗುಳಿಗೆ ಇವೆ ಎಂದು ಏನೇನೋ ಹೇಳಿದೆ. ಆಕೆ ಈಳಿಗೆ ಬದಿಗಿಟ್ಟಳು.

"ಕೆಮ್ಮಿದ್ದಕ್ಕ ನನಗ ಸಿಟ್ಟಿಲ್ರಿ ಬಾಯಾರ. ಕೆಮ್ಮಾಕ ನಾ ಇಲ್ಲದ ಜಾಗಾ ಹುಡುಕಿದ್ರಲ್ಲ, ಅದಕ."

ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿನ ಮಾತು ಇದು. ಪಕ್ಕದಲ್ಲಿ ಕೂತು ನಾನೂ ಒಂದು ಗಜ್ಜರಿ ತಿಂದೆ.

ಕಫ ಪರೀಕ್ಷೆಯಲ್ಲಿ ಕ್ಷಯ ಎಂದೇ ಬಂತು. ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಿಸುವಂತಿಲ್ಲ. ಮಾಬೂಬಿಗೂ ಪರೀಕ್ಷೆ ಮಾಡಿದರು, ರೋಗ ಇರಲಿಲ್ಲ. ಮನುಷ್ಯರ ಕ್ಷಯ ಗಿಣಿಗೂ ತಗಲಬಹುದಾದ್ದರಿಂದ ಜಮಾದಾರನನ್ನು ನಾನೇ ಇಟ್ಟುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಪತ್ತಾರರ ತಕ್ಕಡಿಯಲ್ಲಿ ತೂಕ ಏರುತ್ತಲೇ ಹೋಯಿತು. ಹುಸೇನಸಾಬರಿಗೆ ಗುಳಿಗೆಯಿಂದ ವಾಕರಿಕೆ, ಹೊಟ್ಟೆಯುರಿ. ಹತ್ತನೆಯ ದಿನ ಇನ್ನು ಒಲ್ಲೆ ಎಂದು ಹಟ ಹಿಡಿದರಂತೆ. ಮಾಬೂಬಿ, ನಿಮ್ಮ ಪಾಲಿನ ಗುಳಿಗೆಯನ್ನು ಆ ಮೂಕಜೀವ ತಿಂದಿದೆ, ನೀವು ತಿನ್ನಲಾರಿರಾ ಎಂದಳಂತೆ. ಆಮೇಲೆ ಅವರು ಒಂದು ದಿನವೂ ತಪ್ಪಿಸಲಿಲ್ಲ ಎಂದು ಆಕೆಯೇ ನನಗೆ ಹೇಳಿದಳು. ಹೇಳುವಾಗ ದನಿಯಲ್ಲಿದ್ದ ಸಿಟ್ಟು ಅರ್ಧ ಇಳಿದಿತ್ತು.

ಜೋಳ ಕೊಯ್ದು ಕಣಕ್ಕೆ ಬಂತು. ಚಳಿ ಹೋಗಿ ಬಿಸಿಲು ಕಾಯತೊಡಗಿತು. ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಕಫದಲ್ಲಿ ರೋಗ ಕಾಣಲಿಲ್ಲ. ಇನ್ನು ಯಾರಿಗೂ ತಗಲುವ ಭಯವಿಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ಸ್ವಲ್ಪ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದರು. ನಾನು ಜಮಾದಾರನನ್ನು ಮರಳಿ ಒಯ್ದು ಕೊಟ್ಟೆ. ಹತ್ತಿಯ ಧೂಳು ಅದಕ್ಕೆ ಒಳ್ಳೆಯದಲ್ಲ ಎಂದು ಪಂಜರವನ್ನು ಅಂಗಡಿಯಿಂದ ತೆಗೆದು ಹಿಂದಿನ ಅಂಗಳದ ಬೇವಿನ ಮರಕ್ಕೆ ಕಟ್ಟಿಸಿದೆ. ಹುಸೇನಸಾಬರು ಪಂಜರದ ಮುಂದೆ ಕೂತು ಬಹಳ ಹೊತ್ತು ಅದಕ್ಕೆ ಏನೋ ಹೇಳಿಕೊಂಡರು. ಜಮಾದಾರ ಅವರ ಬೆರಳನ್ನು ಕೊಕ್ಕಿನಲ್ಲಿ ಹಿಡಿದು, ಕಚ್ಚದೆ, ಹಾಗೇ ಬಿಟ್ಟಿತು.

ಅಂಗಡಿ ತೆರೆದರೂ ಗಿರಾಕಿ ಬರಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎರಡು ತಿಂಗಳು ಬಾಗಿಲು ಮುಚ್ಚಿದ್ದು ಏಕೆಂದು ಜನ ಊಹಿಸಿಕೊಂಡಿದ್ದರು. ಈ ಸಲ ರೆಡಿಮೇಡ್ ತರುತ್ತೇವೆ ಎಂದು ನಗುತ್ತಲೇ ದಾಟಿ ಹೋಗುತ್ತಿದ್ದರು.

ಬೇಸಿಗೆಯ ಮೊದಲ ದಿನಗಳಲ್ಲಿ ಒಂದು ಮುಂಜಾನೆ ಜಮಾದಾರನ ಉಗುರು ಕತ್ತರಿಸಲೆಂದು ಹೋಗಿದ್ದೆ. ಅಂಗಡಿಯ ಮುಂದೆ ಒಂದು ಟಂಟಂ ಗಾಡಿ ನಿಂತಿತ್ತು. ಮುದ್ದೇಬಿಹಾಳದ ಕಡೆಯ ಹಳ್ಳಿಯ ಹಿರಿಯರೊಬ್ಬರು, ದೊಡ್ಡ ರುಮಾಲು ಸುತ್ತಿದವರು, ಮಗಳ ಮದುವೆಯ ಗಾದಿಗೆಂದು ತಮ್ಮ ಹೊಲದ ಹತ್ತಿಯನ್ನೇ ತಂದಿದ್ದರು. ಅಷ್ಟು ದೂರದವರಿಗೆ ಊರಿನ ಮಾತು ಮುಟ್ಟಿರಲಿಲ್ಲ. ಒಂದು ಚೀಲ ಇಳಿದಿತ್ತು. ಹುಸೇನಸಾಬರು ಹತ್ತಿ ಹೇಗಿದೆ ನೋಡೋಣವೆಂದು ಒಂದು ಹಿಡಿ ಯಂತ್ರಕ್ಕೆ ಕೊಟ್ಟರು. ಯಂತ್ರ ಗರ್ ಎಂದಿತು. ಹಿಂದಿನ ಅಂಗಳದಿಂದ ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯ ಕೆಮ್ಮು, ಉಗುಳಿದ ಸದ್ದು ಬಂತು.

ಹಿರಿಯರು ಚೀಲದ ಮೇಲಿನ ಕೈ ತೆಗೆದರು. ಮನೆಯಲ್ಲಿ ಯಾರಿಗೆ ಆರಾಮಿಲ್ಲ ಎಂದು ಕೇಳಿದರು. ಮಾಬೂಬಿ ಒಳಗಿನಿಂದ ಓಡಿಬಂದು, ಯಾರಿಗೂ ಏನಿಲ್ಲ, ಅದು ಗಿಣಿ, ಬೇಕಾದರೆ ಬಂದು ನೋಡಿರಿ ಎಂದಳು. ಈ ಸಲ ಆಕೆ ಹೇಳಿದ್ದು ಪೂರ್ತಿ ನಿಜ. ನಾನು ಸಾಕ್ಷಿ ನಿಂತಿದ್ದೆ, ಸರ್ಕಾರಿ ಡಾಕ್ಟರು. ಹಿರಿಯರು ಹಿಂದೆ ಹೋಗಿ ಗಿಣಿ ನೋಡಿ ನಕ್ಕು ಬಂದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು, ಮುಗಿಯಲಿ ಎಂದು ನಾನೂ ಬಯಸಿದೆ.

ಹುಸೇನಸಾಬರು ಯಂತ್ರ ನಿಲ್ಲಿಸಿದರು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದರು.

"ಗಿಣಿದು ಖರೆರಿ ಗೌಡ್ರ. ಆದ್ರ ಅದು ಕಲ್ತಿದ್ದು ನನ್ನ ಕೆಮ್ಮ. ನನಗ ಟಿ.ಬಿ. ಆಗಿತ್ತು. ಗುಳಿಗಿ ತಿನ್ನಾಕತ್ತೇನಿ, ಈಗ ಯಾರಿಗೂ ಹತ್ತೂದಿಲ್ಲ ಅಂತ ಡಾಕ್ಟರ್ ಬರದ ಕೊಟ್ಟಾರ. ನಿಮ್ಮ ಮಗಳ ಗಾದಿ ಐತಿ, ವಿಚಾರ ಮಾಡ್ರಿ."

ಮಾಬೂಬಿ ಬಾಗಿಲ ಚೌಕಟ್ಟು ಹಿಡಿದು ಗಂಡನನ್ನು ನೋಡುತ್ತ ನಿಂತಳು. ಹಿರಿಯರ ಮುಖದಿಂದ ಏನನ್ನೂ ಓದಲು ಆಗಲಿಲ್ಲ. ರುಮಾಲು ತೆಗೆದು ಹಣೆ ಒರೆಸಿಕೊಂಡು, ಮತ್ತೆ ಸುತ್ತಿಕೊಂಡು, ಟಂಟಂ ಕಡೆಗೆ ನಡೆದರು. ಹುಸೇನಸಾಬರು ಬಾಗಿ ಇಳಿಸಿದ ಚೀಲದ ಬಾಯಿಯನ್ನು ಕಟ್ಟತೊಡಗಿದರು, ತಿರುಗಿ ಒಯ್ಯಲು ಅನುಕೂಲವಾಗಲಿ ಎಂದು. ಗಂಟು ಹಾಕಿ ತಲೆ ಎತ್ತುವಷ್ಟರಲ್ಲಿ ಹಿರಿಯರು ಎರಡನೆಯ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು ಮೊದಲನೆಯದರ ಪಕ್ಕಕ್ಕೆ ಇಳಿಸಿದರು.

"ತಲಿದಿಂಬ ನಾಕ ಆಗಬೇಕ ನೋಡು," ಎಂದರು. "ಎಂಟ ದಿನಕ್ಕ ಬರ್ತೇನಿ."

ಹುಸೇನಸಾಬರು ಹೂಂ ಎನ್ನಬೇಕಿತ್ತು. ಅವರು ಹಾಗೇ ಹತ್ತಿಯ ಚೀಲದ ಮೇಲೆ ಕೂತುಬಿಟ್ಟರು. ಹೂಂ ಎಂದವಳು ಮಾಬೂಬಿ.